ರಾತ್ರಿ ಡ್ರೈವ್ ಹೊರಟವರಿಗೆ: ಎಗ್ ರೈಸ್ ಗಾಡಿಯೋ, ಹೊಸಕೋಟೆ ಬಿರಿಯಾನಿಯೋ, ಬಿಡದಿ ತಟ್ಟೆ ಇಡ್ಲಿಯೋ?

ಶನಿವಾರ ರಾತ್ರಿ ಹತ್ತೂವರೆ ಆಗುತ್ತಿದ್ದಂತೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದೇ ಪ್ರಶ್ನೆ ಬೀಳುತ್ತದೆ. ‘ಎಲ್ಲಿಗೆ ಮಗಾ?’ ಒಬ್ಬ ಹೊಸಕೋಟೆ ಅನ್ನುತ್ತಾನೆ. ಇನ್ನೊಬ್ಬ ನಂದಿ ಅನ್ನುತ್ತಾನೆ. ಮೂರನೆಯವನು, ಮನೆ ಹತ್ತಿರದ ಎಗ್ ರೈಸ್ ಸಾಕು, ಸುಮ್ನೆ ಯಾಕೆ ಪೆಟ್ರೋಲ್ ಸುಡ್ತೀರಾ ಅನ್ನುತ್ತಾನೆ. ಅವನ ಹತ್ತಿರ ಕಾರಿಲ್ಲ, ಹಸಿವು ಮಾತ್ರ ಇದೆ. ಜಗಳ ಮುಗಿಯುವಷ್ಟರಲ್ಲಿ ಹನ್ನೊಂದೂವರೆ. ಅಷ್ಟೊತ್ತಿಗೆ ಎಗ್ ರೈಸ್ ಗಾಡಿ ಮುಚ್ಚಿರುತ್ತದೆ. ಹೊಸಕೋಟೆಯಲ್ಲಿ ಬಿರಿಯಾನಿ ಬಡಿಸುವುದಕ್ಕೆ ಇನ್ನೂ ನಾಲ್ಕೂವರೆ ಗಂಟೆ ಇರುತ್ತದೆ.

ಹೀಗೆ ಎಷ್ಟೋ ಶನಿವಾರ ಹಾಳು ಮಾಡಿಕೊಂಡ ಮೇಲೆ ನನಗೆ ಒಂದು ವಿಷಯ ಹೊಳೆಯಿತು. ನಾವು ತಪ್ಪು ಪ್ರಶ್ನೆ ಇಟ್ಟುಕೊಂಡು ಜಗಳ ಆಡುತ್ತಿದ್ದೆವು. ಎಲ್ಲಿ ರುಚಿ ಚೆನ್ನಾಗಿದೆ ಅನ್ನುವುದು ಆಮೇಲಿನ ಮಾತು. ತಿಂದು ಓಡಿಸುತ್ತೀರಾ, ಓಡಿಸಿ ತಿನ್ನುತ್ತೀರಾ? ಮೊದಲು ಅದನ್ನು ತೀರ್ಮಾನ ಮಾಡಬೇಕು. ಅದಾದರೆ ಅರ್ಧ ಜಾಗಗಳು ತಾವಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತವೆ.

ಯಾಕೆಂದರೆ ಬೆಂಗಳೂರಿನ ರಾತ್ರಿಗೆ ನಡುವೆ ಒಂದು ತೂತು ಇದೆ. ಹೋಟೆಲ್‌ಗಳು ರಾತ್ರಿ 1 ಗಂಟೆಯವರೆಗೆ ತೆರೆದಿರಬಹುದು ಎಂದು 2024ರ ಆಗಸ್ಟ್‌ನಲ್ಲಿ ಸರ್ಕಾರ ಆದೇಶ ಮಾಡಿತು. ತಳ್ಳುಗಾಡಿಗಳು ಅದಕ್ಕೂ ಮುಂಚೆ, ಹನ್ನೊಂದು ಹನ್ನೊಂದೂವರೆಗೆಲ್ಲ ಕಟ್ಟಿಕೊಂಡು ಹೊರಡುತ್ತವೆ. ಮತ್ತೆ ಬಿಸಿ ಊಟ ಕೈಗೆ ಸಿಗುವುದು ಬೆಳಗಿನ ಜಾವ 4ರ ಮೇಲೆ. ನಡುವೆ ಸಿಗುವುದು ಸೈಕಲ್‌ಗೆ ಫ್ಲಾಸ್ಕ್ ಕಟ್ಟಿಕೊಂಡು ಬರುವವನ ಟೀ. ಅದೃಷ್ಟ ಇದ್ದರೆ ಕಲಾಸಿಪಾಳ್ಯ, ಕೆ.ಆರ್. ಮಾರ್ಕೆಟ್ ಕಡೆ ಲಾರಿಯವರಿಗೆ, ಹಮಾಲಿಗಳಿಗೆ ಅಂತ ಇಡ್ಲಿ ಮಾರುವವರು ಸಿಗುತ್ತಾರೆ. ಅಲ್ಲಿಗೆ ಕಾರು ತೆಗೆದುಕೊಂಡು ಹೋದರೆ ಹೂವಿನ ಮೂಟೆ, ತರಕಾರಿ ಟೆಂಪೋಗಳ ನಡುವೆ ಸಿಕ್ಕಿಹಾಕಿಕೊಳ್ಳುತ್ತೀರಿ. ದುಡಿಯುವವರ ಜಾಗ ಅದು. ನಮ್ಮ ಶೋಕಿಗೆ ಅಲ್ಲಿ ಅಡ್ಡ ನಿಲ್ಲುವುದು ಸರಿ ಕಾಣುವುದಿಲ್ಲ.

ದೆಹಲಿಯವರಿಗೆ ಮುರ್ಥಲ್ ಇದೆ. ನಡುರಾತ್ರಿ ಎರಡಕ್ಕೆ ಹೋದರೂ ಪರಾಠ ಸಿಗುತ್ತದೆ, ಅದರ ಮೇಲೆ ಬೆಣ್ಣೆ ಸಿಗುತ್ತದೆ, ಢಾಬಾ ಮುಂದೆ ಬೇಕಾದಷ್ಟು ಕಾರು ನಿಲ್ಲಿಸುವ ಜಾಗ ಸಿಗುತ್ತದೆ. ನಮಗೆ ಅಂಥದ್ದೊಂದು ಊರಿಲ್ಲ. ನಾವು ಗಡಿಯಾರ ನೋಡಿಕೊಂಡೇ ತಿನ್ನಬೇಕು.

ತಿಂದು ಓಡಿಸುವವರಿಗೆ

ಮೊದಲು ವಿ.ವಿ. ಪುರಂ ತಿಂಡಿ ಬೀದಿ ಮುಗಿಸಿಬಿಡೋಣ. ಸಜ್ಜನ್‌ರಾವ್ ಸರ್ಕಲ್ ಪಕ್ಕದ ಈ ಬೀದಿ ತಿನ್ನುವವರಿಗೆ ಸ್ವರ್ಗ, ಕಾರಿನವರಿಗೆ ಶಿಕ್ಷೆ. ಅಕ್ಕಿ ರೊಟ್ಟಿ, ಪಡ್ಡು, ಒಬ್ಬಟ್ಟು, ಗುಲ್ಕನ್ ಹಾಕಿದ ಐಸ್‌ಕ್ರೀಂ, 1953ರಿಂದ ಇರುವ ವಿ.ಬಿ. ಬೇಕರಿಯ ಮಸಾಲೆ ಕಡಲೆಬೀಜ ತುಂಬಿದ ಕಾಂಗ್ರೆಸ್ ಬನ್, ಚಳಿಗಾಲದಲ್ಲಿ ಅವರೆಕಾಳಿನ ತರಾವರಿ ತಿಂಡಿ. ಇಷ್ಟು ಬಗೆ ಒಂದೇ ಬೀದಿಯಲ್ಲಿ ಬೇರೆಲ್ಲೂ ಸಿಗುವುದಿಲ್ಲ. ಆದರೆ ಬೀದಿಯ ಒಳಗೆ ಕಾರು ಹೋಗುವ ಮಾತೇ ಇಲ್ಲ. ಸುತ್ತಲಿನ ಅಡ್ಡರಸ್ತೆಗಳಲ್ಲಿ ಮೂರು ಸುತ್ತು ಹೊಡೆದು, ಯಾರದೋ ಗೇಟ್ ಮುಂದೆ ಅರ್ಧ ಮೂಗು ತೂರಿಸಿ ನಿಲ್ಲಿಸಬೇಕು. ಆಮೇಲೆ ಮಸಾಲೆ ದೋಸೆ ತಿನ್ನುವಾಗಲೂ ಮನಸ್ಸು ಸೈಡ್ ಮಿರರ್ ಹತ್ತಿರವೇ ಇರುತ್ತದೆ. ಹಸಿರು ಮಾರ್ಗದ ನ್ಯಾಷನಲ್ ಕಾಲೇಜ್ ಮೆಟ್ರೋ ಸ್ಟೇಷನ್‌ನಿಂದ ನಡೆದುಕೊಂಡೇ ಹೋಗಬಹುದು. ಕಾರಿನವರ ಗೈಡ್‌ನಲ್ಲಿ ಮೆಟ್ರೋ ಹತ್ತಿ ಅನ್ನಬೇಕಾಗಿ ಬಂದಿದ್ದಕ್ಕೆ ಕ್ಷಮೆ ಇರಲಿ. ಆದರೂ ಅಲ್ಲಿಗೆ ಹಾಗೇ ಹೋಗಿ.

ಎಂಪೈರ್‌ನಂಥ ಹೋಟೆಲ್‌ಗಳು ಬೀದಿ ಊಟದ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಹನ್ನೆರಡು ದಾಟಿದ ಮೇಲೆ ಘೀ ರೈಸ್, ಕಬಾಬ್, ಕಾಯಿನ್ ಪರೋಟ ಬೇಕು ಅಂದರೆ ಅಲ್ಲಿಗೇ ಹೋಗಬೇಕು. ಅದರ ಶಾಖೆ ಇರುವ ಚರ್ಚ್ ಸ್ಟ್ರೀಟ್‌ನಲ್ಲಿ ಕಾರು ನಿಲ್ಲಿಸುವ ಆಸೆ ಮಾತ್ರ ಬಿಟ್ಟುಬಿಡಿ.

ಇನ್ನು ಎಗ್ ರೈಸ್ ಗಾಡಿ. ಇದನ್ನು ಹೆಸರು ಹಿಡಿದು ಹೇಳುವ ಅಗತ್ಯ ಇಲ್ಲ. ನಿಮ್ಮ ಏರಿಯಾದಲ್ಲಿ ಒಂದಿದೆ. ಬಿಳಿ ಬಲ್ಬು, ದೊಡ್ಡ ಬಾಣಲೆ, ಅದರ ಅಂಚಿಗೆ ಸೌಟು ಬಡಿಯುವ ಟಣ್ ಟಣ್ ಸದ್ದು, ಪಕ್ಕದಲ್ಲಿ ಮೊಟ್ಟೆ ಟ್ರೇಗಳ ಗೋಪುರ. ಗೋಬಿ ಮಂಚೂರಿ ಮೊದಲಿನ ಹಾಗೆ ಕೆಂಪಗೆ ಹೊಳೆಯುತ್ತಿದ್ದರೆ ಮಾತ್ರ ಅನುಮಾನ ಪಡಿ. 2024ರ ಮಾರ್ಚ್‌ನಲ್ಲಿ ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ ನಿಷೇಧಿಸಿತು. ಜೂನ್‌ನಲ್ಲಿ ಕಬಾಬ್‌ಗೂ ಅದೇ ನಿಯಮ ಬಂತು. ಈಗ ಮಂಕಾಗಿ, ಕಂದು ಬಣ್ಣಕ್ಕೆ ಕಾಣುವ ಗೋಬಿಯೇ ಒಳ್ಳೆಯ ಗೋಬಿ.

ಎಗ್ ರೈಸ್ ಗಾಡಿಯ ಲಾಭ ಏನೆಂದರೆ, ತಿಂದ ಮೇಲೆ ರಾತ್ರಿ ಪೂರ್ತಿ ನಿಮ್ಮದು. ಹೊಟ್ಟೆ ತುಂಬಿದೆ, ಕಣ್ಣಿಗೆ ಇನ್ನೂ ನಿದ್ದೆ ಹತ್ತಿಲ್ಲ, ರಸ್ತೆ ಖಾಲಿ ಆಗುತ್ತಿದೆ. ನಷ್ಟ ಏನೆಂದರೆ ನಿಲ್ಲುವ ಜಾಗ. ಒಂದು ಕಾರು ಬಂದರೆ ಗಾಡಿಯ ಅಣ್ಣನಿಗೆ ಗಿರಾಕಿ. ನಾಲ್ಕು ಕಾರು ಬಂದರೆ ತಲೆನೋವು. ಒಂದು ರಾತ್ರಿ ನಾವು ಮೂರು ಕಾರು ಸಾಲಾಗಿ ನಿಲ್ಲಿಸಿ ತಿನ್ನುತ್ತಿದ್ದೆವು. ಪೊಲೀಸ್ ಗಸ್ತಿನ ಹೊಯ್ಸಳ ಬಂತು. ಒಳಗಿದ್ದ ಪೊಲೀಸರು ಕಿಟಕಿ ಇಳಿಸಿ, ‘ಏ, ಗಾಡಿ ತೆಗೀರಿ’ ಅಂದರು. ಎಗ್ ರೈಸ್ ಅಣ್ಣ ಬಲ್ಬು ಆರಿಸಿ ಗಾಡಿ ತಳ್ಳಿದ. ನಾವೂ ಕೀ ತಿರುಗಿಸಿ ಗಾಡಿ ತೆಗೆದೆವು. ಅವರು ಹೇಳಿದ್ದು ಯಾವ ಗಾಡಿಗೆ ಅಂತ ಇವತ್ತಿಗೂ ಗೊತ್ತಿಲ್ಲ. ಪ್ಲೇಟು ಮಾತ್ರ ನಮ್ಮ ಕೈಯಲ್ಲೇ ಉಳಿಯಿತು, ದುಡ್ಡು ಕೊಡುವುದೂ ಉಳಿಯಿತು. ಮಾರನೆಯ ದಿನ ಹೋಗಿ ಕೊಟ್ಟಾಗ ಅಣ್ಣ ನಗುತ್ತಾ ಒಂದೇ ಮಾತು ಹೇಳಿದ. ‘ಇನ್ಮೇಲೆ ಒಂದೇ ಗಾಡೀಲಿ ಬನ್ನಿ ಸಾರ್.’

ಅದನ್ನೇ ನಾನೂ ಹೇಳುತ್ತೇನೆ. ಎಗ್ ರೈಸ್‌ಗೆ ಒಂದು ಕಾರು, ಹೆಚ್ಚೆಂದರೆ ಎರಡು. ಅದಕ್ಕಿಂತ ಜಾಸ್ತಿ ಇದ್ದರೆ ಊರ ಹೊರಗೆ ಹೊರಡಿ.

ಓಡಿಸಿ ತಿನ್ನುವವರಿಗೆ: ಹೊಸಕೋಟೆ

ನಗರದ ಮಧ್ಯದಿಂದ 25–30 ಕಿಲೋಮೀಟರ್. ಹಳೇ ಮದ್ರಾಸ್ ರಸ್ತೆ. ಹಗಲು ಹೊತ್ತು ಟಿನ್ ಫ್ಯಾಕ್ಟರಿ, ಕೆ.ಆರ್. ಪುರ ದಾಟುವಷ್ಟರಲ್ಲಿ ಕ್ಲಚ್ ಕಾಲು ಮರಗಟ್ಟುತ್ತದೆ. ಬೆಳಗಿನ ಜಾವ ಮೂರಕ್ಕೆ ಅದೇ ದಾರಿ ಹಾಡು ಮುಗಿಯುವುದರೊಳಗೆ ಕಳೆದುಹೋಗುತ್ತದೆ. ಅದರ ಮಜಾನೇ ಬೇರೆ, ಅಲ್ವಾ?

ಹೊಸಕೋಟೆಯ ದಮ್ ಬಿರಿಯಾನಿ ಈಗ ಬೆಂಗಳೂರಿನವರಿಗೆ ಹೊಸದೇನಲ್ಲ. 2020ರ ಅಕ್ಟೋಬರ್‌ನಲ್ಲಿ ಆನಂದ್ ದಮ್ ಬಿರಿಯಾನಿ ಮುಂದೆ ಸುಮಾರು ಒಂದೂವರೆ ಕಿಲೋಮೀಟರ್ ಕ್ಯೂ ನಿಂತಿದ್ದ ವಿಡಿಯೋ ದೇಶವೆಲ್ಲಾ ಓಡಾಡಿತು. ಕೊರೊನಾ ಕಾಲ, ಮೂತಿಗೆ ಮಾಸ್ಕು, ಕೈಯಲ್ಲಿ ಪಾತ್ರೆ, ನಸುಕಿನಲ್ಲಿ ಅಷ್ಟುದ್ದದ ಸಾಲು. ಅಲ್ಲಿಂದ ಈಚೆಗೆ ಅದು ಬರೀ ಊಟವಾಗಿ ಉಳಿದಿಲ್ಲ, ಒಂದು ಯಾತ್ರೆ ಆಗಿದೆ. ಮಣಿ ದಮ್ ಬಿರಿಯಾನಿ, ಅಕ್ಷಯ್ ದಮ್ ಬಿರಿಯಾನಿ ಅಂತ ಬೇರೆ ಹೆಸರುಗಳೂ ಇವೆ. ಒಂದೊಂದಕ್ಕೂ ಅದರದೇ ಭಕ್ತರು. ಯಾವುದು ದೊಡ್ಡದು ಅನ್ನುವ ಜಗಳಕ್ಕೆ ನಾನು ಕೈ ಹಾಕುವುದಿಲ್ಲ. ಕ್ಯೂ ಎಲ್ಲಿ ಚಿಕ್ಕದಿದೆಯೋ ಅದೇ ಆ ದಿನದ ಒಳ್ಳೆಯ ಬಿರಿಯಾನಿ.

ಇಲ್ಲಿ ಗೊತ್ತಿರಬೇಕಾದದ್ದು ದಮ್‌ನ ಲೆಕ್ಕ. ಮಟನ್, ಅಕ್ಕಿ, ಮಸಾಲೆ ಒಂದೇ ಪಾತ್ರೆಯಲ್ಲಿ ಬಾಯಿ ಮುಚ್ಚಿ, ಮೇಲೂ ಕೆಳಗೂ ಕೆಂಡದ ಬಿಸಿಯಲ್ಲಿ ಬೇಯಬೇಕು. ಅವಸರ ಮಾಡಿದರೆ ಕೆಟ್ಟುಹೋಗುತ್ತದೆ. ಹಾಗಾಗಿ ಮೊದಲ ಪಾತ್ರೆ ಬಾಯಿ ಬಿಡುವುದಕ್ಕೂ ಎರಡನೆಯದಕ್ಕೂ ನಡುವೆ ಕ್ಯೂ ಹಾಗೇ ನಿಂತುಬಿಡುತ್ತದೆ. ಐದು ಗಂಟೆಗೆ ಬಂದವನು ನಾಲ್ಕಕ್ಕೆ ಬಂದವನಿಗಿಂತ ಒಂದು ಗಂಟೆ ತಡ ಅಷ್ಟೇ ಅಂದುಕೊಂಡರೆ ಮೋಸ. ಒಂದು ಪಾತ್ರೆ ತಪ್ಪಿಸಿಕೊಂಡರೆ ಆ ಪಾತ್ರೆಯಷ್ಟು ಹೊತ್ತು ಕಾಯಬೇಕು. ಭಾನುವಾರ ಇದು ಇನ್ನೂ ಜಾಸ್ತಿ. ವಾರದ ನಡುವೆ ಹೋಗುವ ಧೈರ್ಯ ಇದ್ದರೆ, ಅಂದರೆ ಬೆಳಗ್ಗೆ ಒಂಬತ್ತಕ್ಕೆ ಆಫೀಸಿನಲ್ಲಿ ತೂಕಡಿಸುವ ಧೈರ್ಯ ಇದ್ದರೆ, ಬುಧವಾರ ಗುರುವಾರ ಹೋಗಿ.

ಕಾರಿನವರಿಗೆ ಹೊಸಕೋಟೆಯ ದೊಡ್ಡ ಆಕರ್ಷಣೆ ಬಿರಿಯಾನಿಗಿಂತ ಹೊರಗೆ ನಿಂತಿರುವ ಸಾಲು. ಹಳೇ ಹೋಂಡಾ ಸಿಟಿ ವಿಟೆಕ್, ಆಕ್ಟೇವಿಯಾ, ಪೋಲೋ, ಥಾರ್, ಯಾರೋ ಅಪ್ಪನಿಂದ ಕಾಡಿಸಿ ತಂದ ದೊಡ್ಡ ಮರ್ಸಿಡಿಸ್. ಕ್ಯೂನಲ್ಲಿ ನಿಂತು ಮಾತಾಡುವುದಕ್ಕೆ ವಿಷಯ ಹುಡುಕಬೇಕಾಗಿಯೇ ಇಲ್ಲ. ನನ್ನದೂ ಒಂದು ಹಳೇ ವಿಟೆಕ್. 1.5 ಲೀಟರ್, ಹೊಸದಾಗಿದ್ದಾಗ 106 ಬಿಎಚ್‌ಪಿ. ಈಗ ಎಷ್ಟು ಉಳಿದಿದೆಯೋ ದೇವರಿಗೇ ಗೊತ್ತು. ಆ ಕಾರಿನ ಬಾನೆಟ್ ಎತ್ತಿಸಿ ನೋಡಿದ ಅಪರಿಚಿತರಲ್ಲಿ ಅರ್ಧ ಜನ ನನಗೆ ಸಿಕ್ಕಿದ್ದು ಹೊಸಕೋಟೆ ಕ್ಯೂನಲ್ಲೇ.

ಆದರೆ ನಿಲ್ಲಿಸುವ ವಿಷಯದಲ್ಲಿ ಹುಷಾರು. ಭಾನುವಾರ ಕಾರುಗಳು ರಸ್ತೆಯ ಅಂಚಿನವರೆಗೂ ಬಂದಿರುತ್ತವೆ. ಅದು ಹೆದ್ದಾರಿ. ಕೋಲಾರ, ಚೆನ್ನೈ ಕಡೆಯ ಲಾರಿಗಳು ಆ ಹೊತ್ತಿನಲ್ಲಿ ವೇಗ ತಗ್ಗಿಸದೆ ಬರುತ್ತವೆ. ಅಂಗಡಿ ಎದುರಿಗೇ ಜಾಗ ಸಿಗಬೇಕು ಅಂತ ಹಟ ಮಾಡಬೇಡಿ. ಮುಂದೆ ಹೋಗಿ, ಒಳರಸ್ತೆಯಲ್ಲಿ ನಿಲ್ಲಿಸಿ, ಇನ್ನೂರು ಹೆಜ್ಜೆ ನಡೆಯಿರಿ. ಬಿರಿಯಾನಿ ತಿಂದ ಮೇಲೆ ಆ ಇನ್ನೂರು ಹೆಜ್ಜೆ ಹೇಗೂ ಬೇಕು.

ಯಾಕೆ ಬೇಕು ಅಂದರೆ, ಹೊಸಕೋಟೆಯ ನಿಜವಾದ ತೊಂದರೆ ವಾಪಸ್ ಬರುವಾಗ ಶುರುವಾಗುತ್ತದೆ. ಮನುಷ್ಯನ ಎಚ್ಚರ ತೀರಾ ಕೆಳಗಿರುವುದು ನಡುರಾತ್ರಿ ಎರಡರಿಂದ ಆರರ ನಡುವೆ. ಅದೇ ಹೊತ್ತಿಗೆ ನೀವು ರಾತ್ರಿಯೆಲ್ಲಾ ಎದ್ದಿದ್ದು, ಹೊಟ್ಟೆ ಬಿರಿಯ ಮಟನ್ ಬಿರಿಯಾನಿ ತಿಂದು, ಏಸಿ ಹಾಕಿಕೊಂಡು, ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಪಶ್ಚಿಮಕ್ಕೆ ಓಡಿಸುತ್ತೀರಿ. ನಮ್ಮ ಗುಂಪಿನಲ್ಲಿ ಇದಕ್ಕೆ ಒಂದೇ ನಿಯಮ. ವಾಪಸ್ ಓಡಿಸುವವನು ಸಂಜೆಯೇ ಮಲಗಿ ಎದ್ದು ಬರಬೇಕು, ಬಿರಿಯಾನಿ ಅರ್ಧ ತಿನ್ನಬೇಕು. ಉಳಿದರ್ಧ ಕಾರಿಲ್ಲದ ಗೆಳೆಯನಿಗೆ. ಅವನಿಗೆ ಈ ನಿಯಮ ತುಂಬಾ ಇಷ್ಟ.

2024ರ ಕೊನೆಯಲ್ಲಿ ಹೊಸಕೋಟೆಯಿಂದ ಬೇತಮಂಗಲದ ಕಡೆಗೆ ಚೆನ್ನೈ ಎಕ್ಸ್‌ಪ್ರೆಸ್‌ವೇಯ ಸುಮಾರು 70 ಕಿಲೋಮೀಟರ್ ಓಡಾಟಕ್ಕೆ ತೆರೆದ ಮೇಲೆ ಒಂದು ಹೊಸ ಹುಚ್ಚು ಶುರುವಾಗಿದೆ. ಮೊದಲು ಅಲ್ಲಿ ಹೋಗಿ ಬಾರಿಸುವುದು, ಆಮೇಲೆ ಬಂದು ಬಿರಿಯಾನಿ ತಿನ್ನುವುದು. ರಸ್ತೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ ಗಂಟೆಗೆ 130 ಕಿಲೋಮೀಟರ್ ದಾಟಿದರೆ ಬರೀ ದಂಡ ಅಲ್ಲ, ಎಫ್‌ಐಆರ್. ಕಾರಿನ ತಾಕತ್ತು ನೋಡಲೇಬೇಕು ಅನ್ನುವವರು ಅದೇ ಚೆನ್ನೈ ದಿಕ್ಕಿನಲ್ಲಿ ಇನ್ನೂ ಮುಂದೆ ಹೋಗಿ. ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕ್ ಇದೆ. ಒಂದು ಸುತ್ತು 3.7 ಕಿಲೋಮೀಟರ್. ಅಲ್ಲಿ ನಾಯಿ ಅಡ್ಡ ಬರುವುದಿಲ್ಲ, ಟ್ರ್ಯಾಕ್ಟರ್ ಎದುರು ಬರುವುದಿಲ್ಲ.

ಬಿಡದಿ, ನನ್ನ ವೋಟು

ನನಗೆ ಗೊತ್ತು, ಎಷ್ಟೋ ಜನ ಇಲ್ಲಿ ಓದುವುದು ನಿಲ್ಲಿಸುತ್ತಾರೆ. ಇಡ್ಲಿ ತಿನ್ನೋಕೆ ನಡುರಾತ್ರಿ ಏಳಬೇಕಾ? ಸ್ವಲ್ಪ ತಾಳಿ.

ಬಿಡದಿ ಮೈಸೂರು ರಸ್ತೆಯಲ್ಲಿ, ಊರಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್. ಇಲ್ಲಿನ ತಟ್ಟೆ ಇಡ್ಲಿ ಒಂದು ಸಣ್ಣ ತಟ್ಟೆಯಷ್ಟು ಅಗಲ. ಹಿಟ್ಟನ್ನು ಒಂದೊಂದು ತಟ್ಟೆಗೂ ಸುರಿದು, ತಟ್ಟೆಗಳನ್ನು ಸ್ಟ್ಯಾಂಡಿನಲ್ಲಿ ಒಂದರ ಮೇಲೊಂದು ಜೋಡಿಸಿ ಹಬೆಗೆ ಇಡುತ್ತಾರೆ. ಹಿಟ್ಟಿಗೆ ಅವಲಕ್ಕಿಯೋ ಸಬ್ಬಕ್ಕಿಯೋ ಸೇರಿಸುವವರೂ ಉಂಟು. ಅದಕ್ಕೇ ಅಷ್ಟು ಮೆತ್ತಗೆ. ಮೇಲೆ ಒಂದು ಉಂಡೆ ಬೆಣ್ಣೆ. ಅದು ಕರಗಿ ಇಡ್ಲಿಯ ತೂತುಗಳಿಗೆ ಇಳಿಯುವುದನ್ನು ಒಂದು ನಿಮಿಷ ನೋಡಬೇಕು, ಆಮೇಲೆ ಚಟ್ನಿಗೆ ಅದ್ದಬೇಕು. ರೇಣುಕಾಂಬ ತಟ್ಟೆ ಇಡ್ಲಿಯಂಥ ಹೆಸರು ಮಾಡಿದ ಹೋಟೆಲ್‌ಗಳಿವೆ. ಅಕ್ಕಪಕ್ಕದ ಸಣ್ಣ ಹೋಟೆಲ್‌ಗಳಲ್ಲೂ ನನಗೆ ಕೆಟ್ಟ ಇಡ್ಲಿ ಸಿಕ್ಕಿಲ್ಲ.

ಬಿಡದಿ ಮೊದಲು ಹೀಗಿರಲಿಲ್ಲ. ಮೈಸೂರಿಗೆ ಹೋಗುವ ಪ್ರತಿಯೊಂದು ಕಾರೂ ಅಲ್ಲಿ ನಿಂತೇ ಹೋಗುತ್ತಿತ್ತು. ಭಾನುವಾರ ಬೆಳಗ್ಗೆ ಅಲ್ಲಿ ಇಡ್ಲಿ ತಿನ್ನುವುದೆಂದರೆ ಬಸ್ ಸ್ಟ್ಯಾಂಡಿನಲ್ಲಿ ಸೀಟು ಹಿಡಿದ ಹಾಗೆ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲದಕ್ಕೂ ಬೈಪಾಸ್. ಕಾರುಗಳು ಊರುಗಳ ಪಕ್ಕದಲ್ಲೇ ಹಾರಿಹೋಗತೊಡಗಿದವು. ಇಡ್ಲಿ ಹೋಟೆಲಿನವರು, ಮದ್ದೂರು ವಡೆಯವರು, ಚನ್ನಪಟ್ಟಣದ ಗೊಂಬೆ ಅಂಗಡಿಯವರು ಎಲ್ಲರಿಗೂ ಏಟು ಬಿತ್ತು. ಅವರ ನಷ್ಟದ ಬಗ್ಗೆ ಖುಷಿ ಪಡುವುದು ತಪ್ಪು. ಆದರೆ ನಮ್ಮ ಕೆಲಸಕ್ಕೆ ಇದರಿಂದ ಒಂದು ಅನುಕೂಲ ಆಗಿದೆ, ಸುಳ್ಳು ಹೇಳುವುದಿಲ್ಲ. ಹಳೇ ರಸ್ತೆ ಈಗ ಖಾಲಿ. ಹೋಟೆಲ್ ಮುಂದೆ ನಾಲ್ಕು ಕಾರು ನೆಟ್ಟಗೆ ನಿಲ್ಲಿಸಬಹುದು, ಯಾರೂ ಬೈಯುವುದಿಲ್ಲ. ಬದಲಿಗೆ ಬನ್ನಿ ಬನ್ನಿ ಅಂತ ಕರೆಯುತ್ತಾರೆ.

ಒಂದೇ ಎಚ್ಚರ. ಕೆಂಗೇರಿ ದಾಟಿದ ಮೇಲೆ ಎಕ್ಸ್‌ಪ್ರೆಸ್‌ವೇ ಹತ್ತಬೇಡಿ, ಸರ್ವಿಸ್ ರೋಡ್‌ನಲ್ಲೇ ಇರಿ. ಮೇಲೆ ಹತ್ತಿದರೆ ಟೋಲೂ ಕಟ್ಟುತ್ತೀರಿ, ಬಿಡದಿಯೂ ತಪ್ಪಿಹೋಗುತ್ತದೆ. ಜೊತೆಗೆ ಬೈಕಿನ ಗೆಳೆಯರಿದ್ದರೆ ಅವರಿಗೆ ಹೇಗೂ ಮೇಲೆ ಪ್ರವೇಶವಿಲ್ಲ. 2023ರ ಆಗಸ್ಟ್ 1ರಿಂದ ಅಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಬಂದ್. ಇಡೀ ಗುಂಪು ಒಟ್ಟಿಗೆ ಹೋಗಬೇಕಾದರೆ ಹಳೇ ದಾರಿಯೇ ಗತಿ.

ಬಿಡದಿಯ ಕೊರತೆ ಅದರ ಸಮಯ. ಇಲ್ಲಿ ನಾಲ್ಕಕ್ಕೆ ಏನೂ ಸಿಗುವುದಿಲ್ಲ, ಬೆಳಕು ಹರಿಯಬೇಕು. ಹಾಗಾಗಿ ನಡುರಾತ್ರಿ ಹೊರಟು ಹೊತ್ತು ಕಳೆಯುವವರಿಗೆ ಇದು ಸರಿಹೋಗುವುದಿಲ್ಲ. ನಾನು ಈಗ ಮಾಡುವುದೇ ಬೇರೆ. ಹತ್ತಕ್ಕೆ ಮಲಗಿ ನಾಲ್ಕಕ್ಕೆ ಏಳುತ್ತೇನೆ. ಕತ್ತಲಲ್ಲೇ ಹೊರಟು ರಾಮನಗರದ ಬಂಡೆಗಳವರೆಗೆ ನಿಧಾನವಾಗಿ ಹೋಗುತ್ತೇನೆ. ಬೆಟ್ಟದ ಹಿಂದೆ ಆಕಾಶ ತಿಳಿಯಾಗುವಾಗ ಕಾರು ತಿರುಗಿಸಿ, ಬಿಡದಿಗೆ ಬಂದು ಮೊದಲ ಹಬೆಯ ಇಡ್ಲಿ ತಿನ್ನುತ್ತೇನೆ. ಎಂಟಕ್ಕೆ ಮನೆ. ಹೊಟ್ಟೆ ಹಗುರ, ಕಣ್ಣು ಎಚ್ಚರ, ಹೆಂಡತಿ ಕೈಗೆ ಪಾರ್ಸೆಲ್. ಬಿರಿಯಾನಿ ತಿಂದು ಬಂದ ಭಾನುವಾರ ಮಧ್ಯಾಹ್ನದವರೆಗೆ ಮಲಗಿ ಬೈಸಿಕೊಳ್ಳುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ನೋಡಿ. ವಯಸ್ಸಾಗಿದೆ ನಿನಗೆ ಅನ್ನುತ್ತಾರೆ ಗೆಳೆಯರು. ಇರಬಹುದು.

ಇಡ್ಲಿಯ ಹುಚ್ಚು ಇನ್ನೂ ಜಾಸ್ತಿ ಇದ್ದು, ಉದ್ದದ ದಾರಿ ಬೇಕು ಅನ್ನುವವರಿಗೆ ತುಮಕೂರು ರಸ್ತೆಯ ಕ್ಯಾತ್ಸಂದ್ರ ಇದೆ. ಸಿದ್ಧಗಂಗಾ ಮಠದ ಹತ್ತಿರದ ಊರು, ಸುಮಾರು 65 ಕಿಲೋಮೀಟರ್. ಬಿಡದಿಯವರಿಗೂ ಕ್ಯಾತ್ಸಂದ್ರದವರಿಗೂ ತಟ್ಟೆ ಇಡ್ಲಿ ಯಾರದು ಅನ್ನುವ ಮಾತು ಎತ್ತಬೇಡಿ, ಚಟ್ನಿ ಆರಿಹೋಗುತ್ತದೆ. ಆ ದಾರಿಯಲ್ಲಿ ಲಾರಿ ಜಾಸ್ತಿ. ಓಡಿಸುವ ಖುಷಿ ಮೈಸೂರು ರಸ್ತೆಯಷ್ಟಿಲ್ಲ.

ನಂದಿ ಬೇಡವಾ?

ಭಾನುವಾರ ಬೇಡ. ಸುಮಾರು 60 ಕಿಲೋಮೀಟರ್ ದೂರ, 1,478 ಮೀಟರ್ ಎತ್ತರ, ಮೋಡ, ತಿರುವುಗಳು, ಎಲ್ಲ ನಿಜ. ಆದರೆ ವಾರಾಂತ್ಯದಲ್ಲಿ ಗೇಟಿನ ಮುಂದೆ ಕಾಯುವ ಕಾರುಗಳ ಸಾಲಿನಲ್ಲಿ ಸೂರ್ಯ ನಿಮಗಿಂತ ಮೊದಲು ಮೇಲೆ ಹೋಗಿರುತ್ತಾನೆ. ತಿನ್ನಲು ಸಿಗುವುದು ಮ್ಯಾಗಿ, ಆಮ್ಲೆಟ್, ಸುಟ್ಟ ಜೋಳ, ಉಪ್ಪು ಖಾರ ಹಚ್ಚಿದ ಸೀಬೆಹಣ್ಣು. ಚಳಿಯಲ್ಲಿ ಮ್ಯಾಗಿ ಎಲ್ಲಿ ತಿಂದರೂ ಚೆನ್ನಾಗಿರುತ್ತದೆ, ಅದಕ್ಕೆ ನಂದಿಯೇ ಬೇಕೆಂದಿಲ್ಲ. ನನ್ನ ಕಾರು ಲೀಟರಿಗೆ 11 ಕೊಡುತ್ತದೆ. ಹೋಗಿ ಬರಲು ಸುಮಾರು 11 ಲೀಟರ್ ಪೆಟ್ರೋಲ್. ಒಂದು ಪ್ಲೇಟ್ ಮ್ಯಾಗಿಗೆ ಅಷ್ಟು ಪೆಟ್ರೋಲ್ ಅಂದರೆ ಅಮ್ಮ ಕೇಳಿದರೆ ಕಾರಿನ ಕೀ ಕಿತ್ತಿಟ್ಟುಕೊಳ್ಳುತ್ತಾರೆ. ಇದೇ ಲೆಕ್ಕ ಹೊಸಕೋಟೆಗೆ ಹಾಕಿದರೆ ಐದೂವರೆ ಲೀಟರ್, ಬಿಡದಿಗೆ ಆರು ಚಿಲ್ಲರೆ.

ಹಾಗೂ ನಂದಿ, ಹೊಸಕೋಟೆ ಎರಡೂ ಬೇಕು ಅನ್ನುವವರಿಗೆ ಈಗ ಒಂದು ದಾರಿ ಆಗಿದೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯಿಂದ ಹೊಸಕೋಟೆಗೆ ಬರುವ ಸ್ಯಾಟಲೈಟ್ ರಿಂಗ್ ರಸ್ತೆಯ ಭಾಗ 2024ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ದೇವನಹಳ್ಳಿ ಹತ್ತಿರ ಅದಕ್ಕೆ ಸೇರಿಕೊಂಡರೆ ಊರೊಳಗೆ ಬರದೆ ಹೊಸಕೋಟೆ ತಲುಪಬಹುದು. ವಾರದ ದಿನ ರಜೆ ಹಾಕಿ, ಮೊದಲು ಬಿರಿಯಾನಿ ಪಾರ್ಸೆಲ್ ಮಾಡಿಸಿಕೊಂಡು, ನಂದಿಯ ತಪ್ಪಲಿನಲ್ಲಿ ತಿಂದವರು ನಮ್ಮಲ್ಲಿದ್ದಾರೆ. ಒಪ್ಪತಕ್ಕ ಹುಚ್ಚು.

ಕಾರು ನೋಡಿ ಜಾಗ ಆರಿಸಿ

ಎತ್ತರದ ಗಾಡಿ ಇದ್ದವರಿಗೆ ಯೋಚನೆ ಇಲ್ಲ, ಎಲ್ಲಿ ಬೇಕಾದರೂ ಹತ್ತಿಸಬಹುದು. ಸ್ಪ್ರಿಂಗ್ ಬದಲಿಸಿ ಕಾರು ತಗ್ಗಿಸಿದವರ ಪಾಡು ಬೇರೆ. ಗೆಳೆಯನ ಪೋಲೋ ಹಾಗೆ ತಗ್ಗಿಸಿದ್ದು. ಒಂದು ಹೋಟೆಲ್ ಮುಂದಿನ ಮಣ್ಣಿನ ಇಳಿಜಾರಿಗೆ ಇಳಿಸುವಾಗ ಕರ್ ಅಂತ ಸದ್ದಾಯಿತು. ಮುಂದಿನ ಬಂಪರ್‌ನ ಕೆಳತುಟಿ ಮುರಿದು ಕೈಗೆ ಬಂತು. ಅವನು ಅದನ್ನು ಮಡಿಲಲ್ಲಿ ಇಟ್ಟುಕೊಂಡೇ ಊಟ ಮಾಡಿದ. ಅಂಥ ಕಾರಿಗೆ ಬಿಡದಿಯ ಹಳೇ ರಸ್ತೆಯೇ ಸರಿ. ಹೊಸಕೋಟೆಯಲ್ಲಿ ಡಾಂಬರಿನಿಂದ ಮಣ್ಣಿಗೆ ಇಳಿಯುವ ಅಂಚನ್ನು ಕತ್ತಲಲ್ಲಿ ನಂಬಬೇಡಿ, ಒಬ್ಬರು ಇಳಿದು ಮೊಬೈಲ್ ಟಾರ್ಚ್ ಹಿಡಿಯಲಿ. ಎಗ್ ರೈಸ್ ಗಾಡಿಗೆ ಹೋಗುವ ಬಡಾವಣೆಗಳಲ್ಲಿ ಮಾರಿಗೊಂದು ಹಂಪು. ಅಂದಹಾಗೆ, ತಯಾರಕರು ಕೊಟ್ಟ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು 2019ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹೊಯ್ಸಳದವರಿಗೂ ಇದು ಗೊತ್ತಿದೆ.

ಸೈಲೆನ್ಸರ್ ಜೋರಾಗಿರುವವರು ಎಗ್ ರೈಸ್ ಆಸೆ ಬಿಟ್ಟು ನೇರ ಹೆದ್ದಾರಿಗೆ ಹೋಗಿ. ತಳ್ಳುಗಾಡಿ ನಿಲ್ಲುವುದು ಮನೆಗಳ ಮುಂದೆ. ನೀವು ಒಂದು ಸಲ ಆಕ್ಸಲರೇಟರ್ ಒತ್ತಿದರೆ ಮೇಲಿನ ಮಹಡಿಯಲ್ಲಿ ಮಗು ಎದ್ದು ಅಳುತ್ತದೆ, ಯಾರೋ ಪೊಲೀಸರಿಗೆ ಫೋನ್ ಮಾಡುತ್ತಾರೆ. ನೀವು ಹೊರಟುಹೋಗುತ್ತೀರಿ. ಮಾರನೆಯ ದಿನದಿಂದ ಜಾಗ ಕಳೆದುಕೊಳ್ಳುವುದು ಆ ಅಣ್ಣ. ಎಲೆಕ್ಟ್ರಿಕ್ ಕಾರಿನವರು ಈ ವಿಷಯದಲ್ಲಿ ಪುಣ್ಯವಂತರು, ಬಂದಿದ್ದೂ ಗೊತ್ತಾಗುವುದಿಲ್ಲ, ಹೋಗಿದ್ದೂ ಗೊತ್ತಾಗುವುದಿಲ್ಲ.

ಇನ್ನು ಕುಡಿದು ಬರುವವರು ಯಾವ ಜಾಗಕ್ಕೂ ಬರುವುದು ಬೇಡ. ರಕ್ತದಲ್ಲಿ 100 ಮಿಲಿಲೀಟರಿಗೆ 30 ಮಿಲಿಗ್ರಾಂ ಮದ್ಯಸಾರ ಮಿತಿ. ದಾಟಿದರೆ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ, ಜೈಲೂ ಆಗಬಹುದು. ಆ ದುಡ್ಡಿಗೆ ಇಡೀ ಗುಂಪಿಗೆ ಒಂದು ವರ್ಷದ ಎಗ್ ರೈಸ್ ಬರುತ್ತದೆ.

ಕೊನೆಗೆ ಪಾರ್ಸೆಲ್ ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಇಡ್ಲಿಯನ್ನು ಹಿಂದಿನ ಸೀಟಿನಲ್ಲಿ ಇಟ್ಟರೂ ನಡೆಯುತ್ತದೆ. ಚಟ್ನಿ ಪೊಟ್ಟಣವನ್ನು ಮಾತ್ರ ಪಕ್ಕದ ಸೀಟಿನವರ ಕಾಲ ಹತ್ತಿರ ನಿಲ್ಲಿಸಿ, ಇಲ್ಲದಿದ್ದರೆ ತಿರುವಿನಲ್ಲಿ ಉರುಳುತ್ತದೆ. ಬಿರಿಯಾನಿ ಪಾರ್ಸೆಲ್‌ನ ಜಾಗ ಡಿಕ್ಕಿ, ಕೆಳಗೆ ಎರಡು ಪದರ ನ್ಯೂಸ್ ಪೇಪರ್. ಒಂದು ಸಲ ನಾನು ಅದನ್ನು ಮುಂದಿನ ಸೀಟಿನಲ್ಲಿ ಇಟ್ಟುಕೊಂಡು, ಏಸಿಯನ್ನು ಒಳಗಿನ ಗಾಳಿಯೇ ತಿರುಗುವ ಹಾಗೆ ಹಾಕಿಕೊಂಡು ಬಂದೆ. ಗುರುವಾರ ಆಫೀಸಿಗೆ ಹೋಗುವಾಗ ಅತ್ತೆಯವರನ್ನು ದೇವಸ್ಥಾನಕ್ಕೆ ಬಿಡಬೇಕಿತ್ತು. ಅವರು ಬಾಗಿಲು ತೆಗೆದು, ಮೂಗಿಗೆ ಸೆರಗು ಹಿಡಿದು, ‘ಆಟೋ ಕರೀಪ್ಪಾ’ ಅಂದರು.